ಮದುವೆಯ ಪಟ ತೊಳೆದ ಭಾನುವಾರ

ಕೊಚ್ಚಿಯ ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ನಮಗಿದ್ದದ್ದು ಒಂದೇ ಬಚ್ಚಲು. ಭಾನುವಾರ ಬಂತೆಂದರೆ ಅದು ಇವರದು. ತಿಂಡಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಈಚೆಗೆ ಬರುವುದು ಊಟದ ಹೊತ್ತಿಗೇ. ಬಾಗಿಲ ಸಂದಿಗೆ ಹಳೆಯ ಕಂಬಳಿ, ಗವಾಕ್ಷಿಗೆ ಕಪ್ಪು ಕಾಗದ. ಮಗಳು ಹೊರಗೆ ನಿಂತು "ಅಚ್ಛಾ, ಕಳಿಞ್ಞೋ?" ಎಂದು ಕೂಗುತ್ತಿದ್ದಳು, ಅಪ್ಪಾ ಮುಗೀತಾ ಎಂದು. ನಾವು ಎಷ್ಟೇ ಕನ್ನಡದಲ್ಲಿ ಮಾತಾಡಿಸಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಮಲಯಾಳವೇ.

ಇವರು ಬ್ಯಾಂಕಿನವರು. ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ಬಂದೆವು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಊರಿನ ಸ್ಟುಡಿಯೋಗಳೆಲ್ಲ ಡಿಜಿಟಲ್‌ಗೆ ತಿರುಗಿಕೊಂಡು ಹಳೆಯ ಸಾಮಾನನ್ನು ಸಿಕ್ಕವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲ. ಹಾಗೆ ಅಂಗಡಿ ಖಾಲಿ ಮಾಡುತ್ತಿದ್ದವರೊಬ್ಬರಿಂದ ಇವರು ಒಂದು ಭಾರದ ಕ್ಯಾಮರಾ, ಫಿಲಂ ತೊಳೆಯುವ ಕರಿ ಡಬ್ಬಿ, ಒಂದಿಷ್ಟು ಕ್ಲಿಪ್ಪುಗಳನ್ನು ಹೊತ್ತು ತಂದರು. ಜನ ಬಿಡುತ್ತಿರುವ ಹೊತ್ತಿನಲ್ಲೇ ಇವರು ಹಿಡಿದರು. ಅದರಲ್ಲೂ ಕಪ್ಪು ಬಿಳುಪು ಮಾತ್ರ.

ನನಗೆ ಅದೆಲ್ಲ ನಾಚಿಕೆಯ ವಿಷಯವಾಗಿತ್ತು. ಫಿಲಂ ತೊಳೆಯುವ ದ್ರಾವಣ ಬೆಳಕಿಗೆ ಕೆಡುತ್ತದಂತೆ, ಅದಕ್ಕೆ ಕಂದು ಬಾಟಲಿ ಬೇಕು. ಇವರು ಗುಜರಿಯವನ ಹತ್ತಿರ ಬಿಯರ್ ಬಾಟಲಿಗಳನ್ನು ಆರಿಸಿ ತಂದು, ತೊಳೆದು, ಬಚ್ಚಲಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಕೆಳಗಿನ ಮನೆಯ ಚೇಚ್ಚಿ, ನಮ್ಮ ಮನೆಯ ಒಡತಿ, ನಲ್ಲಿ ಸೋರುತ್ತಿದೆಯೆಂದು ನೋಡಲು ಬಂದವರು ಅದನ್ನು ಕಂಡರು. ಮೆಟ್ಟಿಲಿಳಿಯುವಾಗ ನನ್ನ ಭುಜ ತಟ್ಟಿ, "ಸಾರಮಿಲ್ಲ ಮೋಳೇ" ಎಂದರು. ಪರವಾಗಿಲ್ಲ ಮಗಳೇ ಎಂಬ ಸಮಾಧಾನ. ನನ್ನ ಗಂಡ ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ ಎಂದು ವಿವರಿಸುವಷ್ಟು ಮಲಯಾಳ ನನಗಿನ್ನೂ ಬಂದಿರಲಿಲ್ಲ. ಮುಖಕ್ಕೆ ಬೆಂಕಿ ಬಿದ್ದ ಹಾಗಾಗಿ ನಿಂತಿದ್ದೆ.

ಫೋರ್ಟ್ ಕೊಚ್ಚಿಗೆ ಹೋದರಂತೂ ನಾನು ಇವರಿಗಿಂತ ಹತ್ತು ಮಾರು ಮುಂದೆ ನಡೆಯುತ್ತಿದ್ದೆ. ಒಂದು ಸಲ ಯಾವುದೋ ಆಡಿನ ಎದುರು ನಡುರಸ್ತೆಯಲ್ಲಿ ಬೋರಲು ಮಲಗಿಬಿಟ್ಟರು. ಆಟೋದವರು ಹಾರ್ನ್ ಹೊಡೆಯುತ್ತಿದ್ದಾರೆ, ಕಡಲಂಚಿನ ಚೀನೀ ಮೀನುಬಲೆಗಳ ಹತ್ತಿರ ಮೀನು ಮಾರುವವರು ನಗುತ್ತಿದ್ದಾರೆ, ಬೇರೆ ದೇಶದಿಂದ ಬಂದ ಇಬ್ಬರು ಆಡನ್ನು ಬಿಟ್ಟು ಇವರ ಫೋಟೋ ತೆಗೆಯುತ್ತಿದ್ದಾರೆ. ನಾನು ಮಗಳ ಕೈ ಹಿಡಿದುಕೊಂಡು, ಈ ಮನುಷ್ಯ ಯಾರೋ ಗೊತ್ತಿಲ್ಲ ಎಂಬಂತೆ ಐಸ್‌ಕ್ರೀಂ ಗಾಡಿಯ ಮರೆಗೆ ಹೋದೆ.

ಆದರೂ ಪಟಗಳು ಚೆನ್ನಾಗಿ ಬರುತ್ತಿದ್ದವು, ಸುಳ್ಳು ಹೇಳಬಾರದು. ಫಿಲಂ ತೊಳೆದು, ಒಣಗಿಸಿ, ಒಂದು ಅಂಗಡಿಗೆ ಕೊಟ್ಟು ಪ್ರಿಂಟ್ ಹಾಕಿಸಿಕೊಂಡು ಬರುತ್ತಿದ್ದರು. ಮಗಳ ಮುಖ, ಚೇಚ್ಚಿಯ ಮುಖ, ಬಂದ ನೆಂಟರ ಮುಖ. ಅವರವರೇ ನೋಡಿಕೊಂಡು ಬೆರಗಾಗುತ್ತಿದ್ದರು. ಇವರಿಗೆ ಸ್ವಲ್ಪ ಜಂಬ ಬಂದಿತ್ತು. ಬಂದರೆ ಬರಲಿ ಎಂದು ನಾನೂ ಸುಮ್ಮನಿದ್ದೆ.

ನಮ್ಮ ಮನೆಗೆ ಭಾನುವಾರ ಊಟಕ್ಕೆ ಒಬ್ಬಳು ಹುಡುಗಿ ಬರುತ್ತಿದ್ದಳು. ಪುತ್ತೂರಿನ ಕಡೆಯವಳು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ, ನಮ್ಮ ರಸ್ತೆಯಲ್ಲೇ ಹಾಸ್ಟೆಲು. ಇವರ ಬ್ಯಾಂಕಿಗೆ ಖಾತೆ ತೆರೆಯಲು ಬಂದವಳು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಇವರೇ ಕರೆತಂದಿದ್ದರು. ನನ್ನನ್ನು ಅಕ್ಕ ಎಂದಳು, ಹಾಗಾಗಿ ಇವರು ಭಾವ ಆದರು. ವರ್ಷ ಕಳೆಯುವಷ್ಟರಲ್ಲಿ ಕುಕ್ಕರ್ ಎಷ್ಟು ಕೂಗಿತೆಂದು ನನಗಿಂತ ಅವಳೇ ಲೆಕ್ಕ ಇಡುವಷ್ಟು ಮನೆಯವಳಾಗಿದ್ದಳು. ಆಮೇಲೆ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಬೇರೆ ಕೆಲಸ ಸಿಕ್ಕಿ ಅಲ್ಲಿಗೆ ಹೋದಳು. ಒಂದು ದಿನ ಅಲ್ಲಿಂದ ಫೋನು.

"ಅಕ್ಕಾ, ಒಂದು ವಿಷಯ ಉಂಟು. ನೀವು ಬೈಬಾರ್ದು."

ಹುಡುಗ ದಾವಣಗೆರೆಯವನು, ಅದೇ ಆಫೀಸು. ಅವರ ಮನೆಯಲ್ಲಿ ನಮಾಜು, ಇವಳ ಮನೆಯಲ್ಲಿ ವರ್ಷ ವರ್ಷ ಭೂತಕ್ಕೆ ನೇಮ. ರಿಜಿಸ್ಟರ್ ಆಫೀಸಿನಲ್ಲಿ ಮದುವೆ ಎಂದು ತೀರ್ಮಾನಿಸಿಯಾಗಿತ್ತು.

"ಮನೇಲಿ ಗೊತ್ತಾ?" ಎಂದೆ.

"ಅಪ್ಪನಿಗೆ ಗೊತ್ತಾಗಿ, ನೀನು ನಮ್ಮ ಪಾಲಿಗಿಲ್ಲ ಅಂತ ಹೇಳಿ ಆಯ್ತು. ಅಮ್ಮನ ಹತ್ರ ಮಾತಾಡ್ಲಿಕ್ಕೆ ಬಿಡುದಿಲ್ಲ. ನೀವಿಬ್ರು ಬಂದು ಸಾಕ್ಷಿ ಹಾಕ್ಬೇಕು ಅಕ್ಕ. ಬೇರೆ ಯಾರುಂಟು ನಂಗೆ?"

ಹೋಗುತ್ತೇವೆಂದೆ. ಇವರು ಫೋನ್ ಕಿತ್ತುಕೊಂಡು ಇನ್ನೂ ಜೋರಾಗಿ ಹೋಗುತ್ತೇವೆಂದರು. ಅವಳು ಅಲ್ಲಿನ ಒಬ್ಬ ಸ್ಟುಡಿಯೋದವನಿಗೆ ಫೋಟೋಕ್ಕೆ ಹೇಳಬೇಕೆಂದಿದ್ದಳು. ಇವರು ಬಿಡಲಿಲ್ಲ. "ಸ್ಟುಡಿಯೋದವನು ಯಾಕಮ್ಮ? ಅವನು ನಿಲ್ಲಿ, ನಗಿ ಅಂತಾನೆ, ಫ್ಲಾಷ್ ಹೊಡೀತಾನೆ, ಹೋಗ್ತಾನೆ. ನಾನು ತೆಗೀತೀನಿ. ನಿನ್ನ ಮೊಮ್ಮಕ್ಕಳು ನೋಡ್ಬೇಕು, ಹಂಗಿರುತ್ತೆ." ನಾನು ಪಕ್ಕದಲ್ಲೇ ಇದ್ದೆ. "ಸ್ಟುಡಿಯೋದವನೂ ಒಬ್ಬ ಇರಲಿ ಬಿಡಿ" ಎಂದು ಒಂದು ಸಲ, ಅದೂ ಮೆಲ್ಲಗೆ, ಅಂದದ್ದುಂಟು. ಇವರು ಕೇಳಿಸಿಕೊಳ್ಳಲಿಲ್ಲ. ಎರಡನೇ ಸಲ ನಾನು ಹೇಳಲಿಲ್ಲ.

ಮದುವೆಗೆ ಎರಡು ಮೂರು ದಿನ ಇದೆಯೆನ್ನುವಾಗ ಮಧ್ಯಾಹ್ನದ ಹೊತ್ತು ಮನೆಯ ಫೋನು ಹೊಡೆದುಕೊಂಡಿತು. ಗುರುತಿಲ್ಲದ ಹೆಂಗಸಿನ ದನಿ, ಹಿಂದೆ ಬಸ್ಸುಗಳ ಸದ್ದು.

"ನಾನು ಅವಳ ಅಮ್ಮ, ಪುತ್ತೂರಿನಿಂದ. ಬೂತಿನಿಂದ ಮಾತಾಡ್ತಾ ಇದ್ದೇನೆ. ನಿಮ್ಮ ನಂಬರ್ ಅವಳು ಮೊದಲೊಮ್ಮೆ ಕೊಟ್ಟದ್ದಿತ್ತು."

ನಾನು ಕೂತಲ್ಲಿಂದ ಎದ್ದು ನಿಂತೆ.

"ನಂಗೆ ಬರ್ಲಿಕ್ಕೆ ಆಗುದಿಲ್ಲ. ಇವರು ಬಿಡುದಿಲ್ಲ. ಒಂದು ಪಟ ಕಳಿಸಿ ಮಾರಾಯ್ರೆ. ಅವಳು ಸೀರೆ ಉಟ್ಟದ್ದು, ಮೋರೆ ಸರಿ ಕಾಣುವ ಹಾಗೆ ಇದ್ದದ್ದು. ಮನೆಗೆ ಬೇಡ, ನಂಗೆ ರವಿಕೆ ಹೊಲಿದು ಕೊಡುವವಳ ಅಂಗಡಿಗೆ ಕಳಿಸಿ. ಮೋರೆ ನೋಡಿದ್ರೆ ಸಾಕು ನಂಗೆ. ಅವಳು ಸುಖದಲ್ಲಿ ಇದ್ದಾಳಾ ಇಲ್ವಾ ಅಂತ ಗೊತ್ತಾಗ್ತದೆ. ಹೆತ್ತವಳಲ್ವಾ."

"ಖಂಡಿತಾ ಕಳಿಸ್ತೀವಮ್ಮ. ನಮ್ಮನೆಯವರೇ ತೆಗೀತಾರೆ, ತುಂಬ ಚೆನ್ನಾಗಿ ತೆಗೀತಾರೆ" ಎಂದೆ. ಇಷ್ಟು ದಿನ ಯಾರ ಹವ್ಯಾಸಕ್ಕೆ ತಲೆ ತಗ್ಗಿಸಿದ್ದೆನೋ, ಆ ಹೊತ್ತಿನಲ್ಲಿ ಅವರ ಬಗ್ಗೆ ಜಂಬ ಪಟ್ಟುಕೊಂಡೆ.

ಮದುವೆಯ ದಿನ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆವು. ನನ್ನದೇ ಒಂದು ಮೈಸೂರು ರೇಷ್ಮೆಯನ್ನು ಅವಳಿಗೆ ಉಡಿಸಿದೆ. ರಿಜಿಸ್ಟರ್ ಆಫೀಸಿನಲ್ಲಿ ಫೈಲುಗಳ ವಾಸನೆ, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಆಫೀಸಿನ ಗೆಳೆಯರು ಮೂರು ನಾಲ್ಕು ಜನ. ಇವರು ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿಕೊಂಡು ಅಲ್ಲಿ ಇಲ್ಲಿ ನುಗ್ಗುತ್ತಿದ್ದರು. ಗುಮಾಸ್ತರೊಬ್ಬರ ಕುರ್ಚಿಯನ್ನೂ ಸರಿಸಿದರು. ಅಲ್ಲೂ ನನಗೆ ಮುಜುಗರವೇ. ಸಹಿ ಮುಗಿದು ಹಾರ ಹಾಕುವಾಗ ಮಲ್ಲಿಗೆಯ ಎಳೆಯೊಂದು ಹುಡುಗನ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಅವಳು ಬಿಡಿಸಲು ಹೋದರೆ ಕನ್ನಡಕವೇ ಕೈಗೆ ಬಂತು. ಅವಳಿಗೆ ನಗು ತಡೆಯಲಾಗಲಿಲ್ಲ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮಲಯಾಳಿ ರಿಜಿಸ್ಟ್ರಾರರೂ ನಕ್ಕರು. ಕ್ಯಾಮರಾ ಕ್ಲಿಕ್ ಎಂದದ್ದು ನನಗೆ ಕೇಳಿಸಿತು.

"ಸಿಕ್ತು ಕಣೇ" ಎಂದರು ಇವರು, ನನ್ನ ಕಿವಿಯ ಹತ್ತಿರ ಬಂದು. "ಆ ತಾಯಿಗೆ ಇದೇ ಪಟ."

ಎರಡು ರೋಲು ಮುಗಿಸಿದ್ದರು.

ಭಾನುವಾರ ಎಂದಿನಂತೆ ಬಚ್ಚಲಿಗೆ ಹೋದರು. ಕೊಚ್ಚಿಯ ಸೆಖೆಗೆ ನಲ್ಲಿಯ ನೀರೇ ಬೆಚ್ಚಗಿರುತ್ತದೆ, ದ್ರಾವಣ ತಣ್ಣಗಿರಬೇಕು. ಫ್ರಿಜ್ಜಿನ ಐಸನ್ನೆಲ್ಲ ಬಕೆಟ್ಟಿಗೆ ಸುರಿದುಕೊಟ್ಟೆ. ಕೆಲಸ ಏನೂ ಕಷ್ಟದ್ದಲ್ಲ. ಕತ್ತಲೆಯಲ್ಲಿ ಫಿಲಮ್ಮನ್ನು ಸುರುಳಿಗೆ ಸುತ್ತಿ, ಬೆಳಕು ಹೋಗದ ಡಬ್ಬಿಯಲ್ಲಿಟ್ಟು ಮುಚ್ಚಬೇಕು. ಮೊದಲು ಡೆವಲಪರ್ ಸುರಿಯಬೇಕು, ಅದರಲ್ಲಿ ಚಿತ್ರ ಮೂಡುತ್ತದೆ. ಕೊನೆಗೆ ಹೈಪೋ ಸುರಿಯಬೇಕು, ಅದು ಮೂಡಿದ್ದನ್ನು ಉಳಿಸಿ ಮಿಕ್ಕದ್ದನ್ನು ತೊಳೆದುಹಾಕುತ್ತದೆ. ಇದನ್ನು ನನಗೆ ಎಷ್ಟೋ ಸಲ ಹೇಳಿದ್ದರು. ಎರಡೂ ರೋಲನ್ನು ಒಂದೇ ಡಬ್ಬಿಗೆ ಹಾಕಿದ್ದರು. ಒಳಗಿನಿಂದ ಇವರು ಏನೋ ರಾಗ ಎಳೆಯುವುದು ಕೇಳುತ್ತಿತ್ತು. ಆಮೇಲೆ ನಿಂತಿತು.

ಬಾಗಿಲು ತೆಗೆದರು. ಕೈಯಲ್ಲಿ ಉದ್ದಕ್ಕೆ ಇಳಿಬಿದ್ದ ಫಿಲಂ, ನೀರು ತೊಟ್ಟಿಕ್ಕುತ್ತಿದೆ. ಗಾಜಿನಂತೆ ತಿಳಿಯಾಗಿದೆ. ಅದರೊಳಗಿಂದ ಇವರ ಬನಿಯನ್ನು ಕಾಣುತ್ತಿದೆ.

"ಏನೂ ಇಲ್ಲ ಕಣೇ."

"ಏನೂ ಇಲ್ಲ ಅಂದ್ರೆ?"

"ಹೈಪೋನೇ ಮೊದಲು ಹಾಕ್ಬಿಟ್ಟೆ. ಬಾಟಲಿ ಅದಲುಬದಲಾಯ್ತು."

"ಇನ್ನೊಂದು ಸಲ ತೊಳೆದ್ರೆ ಬರಲ್ವೇನ್ರೀ?"

"ಇದ್ದಿದ್ದೆಲ್ಲ ಹೊರಟೋಯ್ತು. ಬರೋಕೆ ಏನುಳಿದಿದೆ?"

ಕರೆಂಟು ಹೋಗಿರಲಿಲ್ಲ, ಯಾರೂ ಕರೆದಿರಲಿಲ್ಲ, ಅವಸರವೂ ಇರಲಿಲ್ಲ. ಹೇಳಿಕೊಳ್ಳಲು ಒಂದು ಕಾರಣವಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಇವರು ಅಭ್ಯಾಸಬಲದಿಂದ ಆ ಖಾಲಿ ಪಟ್ಟಿಯನ್ನೇ ಕ್ಲಿಪ್ಪು ಹಾಕಿ ಬಟ್ಟೆಯ ತಂತಿಗೆ ತೂಗುಬಿಟ್ಟು ಅದರ ಎದುರು ಕೂತರು. ನಾನು ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಊಟಕ್ಕೆ ಕರೆದೆ, ಬಂದು ಕೂತರು, ಅನ್ನ ಕಲಸಿದರು, ಬಾಯಿಗಿಡಲಿಲ್ಲ.

ಸೋಮವಾರ ಮಧ್ಯಾಹ್ನ ಫೋನು, ಪುತ್ತೂರಿನ ಆ ತಾಯಿಯದು.

"ಪಟ ಬಂತಾ ಅಮ್ಮಾ?"

ನನ್ನ ಬಾಯಿಂದ, "ಇನ್ನೂ ತೊಳೀತಾ ಇದಾರೆ" ಎಂದು ಬಂದುಬಿಟ್ಟಿತು.

"ಚೆಂದ ಬಂದಿರ್ಬಹುದಲ್ವಾ?"

"ನಕ್ಕಿದಾಳೆ, ತುಂಬ ಚೆನ್ನಾಗಿ ನಕ್ಕಿದಾಳೆ" ಎಂದೆ. ಅದು ಸುಳ್ಳಲ್ಲವಲ್ಲ.

ಹುಡುಗಿಗೆ ಫೋನಿನಲ್ಲಿ ಹೇಳುವುದು ಬೇಡ, ಎದುರಿಗೆ ಹೋಗಿ ಹೇಳುತ್ತೇನೆ ಎಂದರು ಇವರು. ಮಗಳನ್ನು ಚೇಚ್ಚಿಯ ಹತ್ತಿರ ಬಿಟ್ಟು ಮತ್ತೆ ತಿರುವನಂತಪುರದ ರೈಲು ಹತ್ತಿದೆವು. ದಾರಿಯುದ್ದಕ್ಕೂ ಹಿನ್ನೀರು, ತೆಂಗು, ದೋಣಿ. ಬೇರೆ ದಿನವಾಗಿದ್ದರೆ ಇವರು ಬಾಗಿಲಲ್ಲಿ ನಿಂತು ಕ್ಯಾಮರಾ ಹಿಡಿದಿರುತ್ತಿದ್ದರು. ಅವತ್ತು ತೊಡೆಯ ಮೇಲೆ ಒಂದು ಲಕೋಟೆ ಇಟ್ಟುಕೊಂಡು ಕೂತಿದ್ದರು.

ಕಳಕ್ಕೂಟ್ಟಂನಲ್ಲಿ ಅವರ ಹೊಸ ಮನೆ. ಕುರ್ಚಿಗಳಿಗಿನ್ನೂ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಹುಡುಗಿ ಓಡಿಬಂದು ಇವರ ಕೈಯ ಲಕೋಟೆಯನ್ನೇ ಮೊದಲು ಇಸಿದುಕೊಂಡಳು. ತೆರೆದಳು. ಪಟ್ಟಿಯನ್ನು ಎತ್ತಿ ಕಿಟಕಿಗೆ ಹಿಡಿದಳು, ತಿರುಗಿಸಿದಳು.

"ಇದ್ರಲ್ಲಿ ಎಂತ ಉಂಟು ಭಾವ?"

"ಏನೂ ಇಲ್ಲಮ್ಮ. ನಾನು ಹಾಳು ಮಾಡ್ಬಿಟ್ಟೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇವರು ನಿಂತೇ ಇದ್ದರು, ತರಗತಿಯಲ್ಲಿ ನಿಲ್ಲಿಸಿದ ಹುಡುಗರ ಹಾಗೆ. ಬೇರೆ ಪಟಗಳೆಂದರೆ ಗೆಳತಿಯೊಬ್ಬಳು ಮೊಬೈಲಿನಲ್ಲಿ ತೆಗೆದದ್ದು ಎರಡು. ಅದರಲ್ಲಿ ಮುಖಗಳು ಅಕ್ಕಿಕಾಳಿನಷ್ಟು, ಅದೂ ಟ್ಯೂಬ್‌ಲೈಟಿನ ಬೆಳಕಿಗೆ ಕಲಸಿಹೋದದ್ದು.

ಹುಡುಗ, "ಹೋಗ್ಲಿ ಬಿಡ್ರಿ ಸರ್, ಮದುವೆ ಏನು ಅಳಿಸಿ ಹೋಗ್ಲಿಲ್ಲಲ್ಲ" ಎಂದು ನಗಲು ನೋಡಿದ.

ಹುಡುಗಿ ನಗಲಿಲ್ಲ. "ನಾನು ಸ್ಟುಡಿಯೋದವರಿಗೆ ಹೇಳ್ತೇನೆ ಅಂತ ಹೇಳಿದ್ದೆ ಭಾವ. ನೀವು ಬೇಡ ಅಂದ್ರಿ. ನಿಮ್ಮ ಆಟಕ್ಕೆ ನನ್ನ ಮದುವೆಯೇ ಆಗ್ಬೇಕಿತ್ತಾ? ಅಮ್ಮನಿಗೆ ನಾನು ಎಂತ ಕಳಿಸುದು?"

ಆಗ ನಾನು ಬಾಯಿ ಹಾಕಿದೆ. "ನಾನೂ ಹೇಳಿದ್ದೆ ಕಣಮ್ಮ, ಸ್ಟುಡಿಯೋದವನೂ ಇರಲಿ ಅಂತ. ಇವರು ನನ್ನ ಮಾತು ಎಲ್ಲಿ ಕೇಳ್ತಾರೆ."

ಇವರು ನನ್ನ ಕಡೆ ತಿರುಗಿ ನೋಡಿದರು. ಅಷ್ಟೆ. ಆ ನೋಟ ಬಿದ್ದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ನೀರು ಬೇಕೆಂದು ನೆಪ ಹೇಳಿ ಅಡುಗೆಮನೆಗೆ ಹೋಗಿ, ಗೊತ್ತಿಲ್ಲದ ಮನೆಯ ಗೊತ್ತಿಲ್ಲದ ಲೋಟಗಳ ಎದುರು ನಿಂತುಕೊಂಡೆ. ಫೋರ್ಟ್ ಕೊಚ್ಚಿಯಲ್ಲಿ ಐಸ್‌ಕ್ರೀಂ ಗಾಡಿಯ ಮರೆಗೆ ಹೋದದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಅಲ್ಲಿ ಇವರು ನೋಡಿರಲಿಲ್ಲ, ಇಲ್ಲಿ ನೋಡಿದರು.

ಸಂಜೆ ಎಲ್ಲರೂ ಸೇರಿ ಕಿಳಕ್ಕೇಕೋಟೆಯ ಹತ್ತಿರ ಒಂದು ಸ್ಟುಡಿಯೋಕ್ಕೆ ಹೋದೆವು. ಅದೇ ಸೀರೆಯನ್ನು ಮತ್ತೆ ಉಡಿಸಿದೆ. ಹೊಸ ಹಾರ ಕೊಂಡೆವು. ನೀಲಿ ಪರದೆಯ ಮುಂದೆ ಎರಡು ಸ್ಟೂಲು. ಹುಡುಗಿಯ ಚೀಲ, ಹುಡುಗನ ಶೂಸಿನ ಡಬ್ಬ, ಎಲ್ಲ ಇವರ ಕೈಯಲ್ಲಿ. ಸ್ಟುಡಿಯೋದವನು ಇವರತ್ತ ಕೈ ಬೀಸಿ, "ಚೇಟ್ಟಾ, ಕುರಚ್ಚು ಮಾರಿ ನಿಲ್ಕ್ಕೂ" ಎಂದ, ಅಣ್ಣಾ ಸ್ವಲ್ಪ ಸರಿದು ನಿಲ್ಲಿ ಎಂದು. ಇವರ ನೆರಳು ಪರದೆಯ ಮೇಲೆ ಬೀಳುತ್ತಿತ್ತು. ಇವರು ಗೋಡೆಗೆ ಒತ್ತಿಕೊಂಡು ನಿಂತರು. "ಮೋಳೇ, ಒನ್ನು ಚಿರಿಕ್ಕೂ" ಎಂದ, ಒಂದು ಸಲ ನಗು ಎಂದು. ಹುಡುಗಿ ತುಟಿ ಅಗಲಿಸಿದಳು. ಟಪ್ ಎಂದು ಬೆಳಕು. ಆಯಿತು. ಕಾಫಿ ಕುಡಿದು ಬರುವಷ್ಟರಲ್ಲಿ ಪಟ ಕೈಯಲ್ಲಿತ್ತು. ಬಣ್ಣ ಚೆನ್ನಾಗಿತ್ತು. ಹುಡುಗಿಯ ಮುಖ ಮಾತ್ರ ಊದಿಕೊಂಡಿತ್ತು, ಕಣ್ಣಂಚು ಕೆಂಪಾಗಿತ್ತು. ಬೇರೆ ಇರಲಿಲ್ಲ, ಅದನ್ನೇ ಪುತ್ತೂರಿನ ರವಿಕೆ ಅಂಗಡಿಗೆ ಕಳಿಸಿದೆವು.

ಪಟ ತಲುಪಿದ ದಿನವೇ ಫೋನು ಬಂತು. ತಾಯಿಯ ದನಿ ಬೇರೆಯಾಗಿತ್ತು.

"ಅವಳು ಅತ್ತಿದ್ದಾಳೆ."

"ಇಲ್ಲಮ್ಮ, ಸ್ಟುಡಿಯೋ ಲೈಟು..."

"ನಂಗೆ ಹೇಳ್ಬೇಡಿ. ಅದು ಅತ್ತ ಮೋರೆ. ನಕ್ಕಿದ್ದಾಳೆ ಅಂತ ಹೇಳಿದ್ರಲ್ಲ ನೀವು? ಆ ಪಟ ಎಲ್ಲುಂಟು? ಅವನು ಅವಳಿಗೆ ಎಂತ ಮಾಡಿದ?"

ಆಗಲಾದರೂ ಹೇಳಿಬಿಡಬಹುದಿತ್ತು. ಆದರೆ ತೊಳೀತಾ ಇದಾರೆ ಎಂದ ಬಾಯಲ್ಲಿ ಇನ್ನೊಂದು ಮಾತು ಬರುವುದು ಹೇಗೆ? "ನಿಮ್ಮ ಮಗಳು ಚೆನ್ನಾಗಿದಾಳಮ್ಮ" ಎಂದಷ್ಟೇ ಹೇಳುತ್ತ ಹೋದೆ. ನಾನು ಹೇಳಿದಷ್ಟೂ ಅವರ ಅನುಮಾನ ಹೆಚ್ಚುತ್ತ ಹೋಯಿತು. ಕೊನೆಗೆ ಅವರೇ ಫೋನಿಟ್ಟರು.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ, ಮತ್ತೆ ಫೋನು.

"ನಾನು ಆಲುವದಲ್ಲಿ ಇಳಿದಿದ್ದೇನೆ. ನಿಮ್ಮ ಊರಿಗೆ ಇಲ್ಲಿಂದ ಹೋಗ್ಬಹುದು ಅಂತ ರೈಲಿನಲ್ಲಿ ಹೇಳಿದ್ರು. ಇಲ್ಲಿ ಯಾರಿಗೂ ನನ್ನ ಮಾತು ಗೊತ್ತಾಗುದಿಲ್ಲ."

ಧರ್ಮಸ್ಥಳಕ್ಕೆ ಹೋಗಿ ತಂಗಿಯ ಮನೆಯಲ್ಲಿ ನಿಂತು ಬರುತ್ತೇನೆಂದು ಗಂಡನಿಗೆ ಹೇಳಿ, ಆ ಹೆಂಗಸು ಒಬ್ಬರೇ ರೈಲು ಹತ್ತಿ ಬಂದಿದ್ದರು. ಇವರು ಬ್ಯಾಂಕಿಗೆ ರಜೆ ಹೇಳಿ, ಅರ್ಧ ದೋಸೆ ಬಿಟ್ಟು ಆಲುವಕ್ಕೆ ಓಡಿದರು.

ಕರೆತಂದಾಗ ನೋಡಿದೆ. ಸಣ್ಣ ಜೀವ. ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಚೀಲದಿಂದ ಪಟ ತೆಗೆದು ಮೇಜಿನ ಮೇಲಿಟ್ಟರು.

"ಮುಚ್ಚಿಡ್ಬೇಡಿ. ಅವಳಿಗೆ ಅಲ್ಲಿ ಎಂತ ತೊಂದರೆ ಉಂಟು? ಕರ್ಕೊಂಡು ಹೋಗುದಾದ್ರೆ ಇವತ್ತೇ ಕರ್ಕೊಂಡು ಹೋಗ್ತೇನೆ. ಅವಳಪ್ಪ ಎಂತ ಬೇಕಾದ್ರೂ ಹೇಳ್ಲಿ."

ನಾನು ಇವರ ಮುಖ ನೋಡಿದೆ. ಇವರು ಒಳಗೆ ಹೋಗಿ ಆ ಖಾಲಿ ಫಿಲಂ ತಂದು ಪಟದ ಪಕ್ಕದಲ್ಲಿಟ್ಟರು. ಅದನ್ನು ಹುಡುಗಿ ಬಿಸಾಡಿದ್ದಳು, ಇವರು ಹೆಕ್ಕಿ ತಂದಿಟ್ಟುಕೊಂಡಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

"ಅಮ್ಮ, ನಿಮ್ಮ ಮಗಳು ಮದುವೆ ದಿನ ನಕ್ಕಿದ್ದು ಇದರಲ್ಲಿತ್ತು. ನಾನು ತೊಳೆಯುವಾಗ ಹಾಳು ಮಾಡಿದೆ. ಮೊದಲು ಹಾಕಬೇಕಾದ್ದನ್ನು ಹಾಕದೆ ಕೊನೆಗೆ ಹಾಕಬೇಕಾದ್ದನ್ನು ಹಾಕಿದೆ. ಸ್ಟುಡಿಯೋದಲ್ಲಿ ಅವಳು ಮುಖ ಊದಿಸಿಕೊಂಡಿದ್ದು ನನ್ನ ಮೇಲಿನ ಕೋಪಕ್ಕೆ. ಆ ಹುಡುಗ ಒಳ್ಳೆಯವನು. ಅವನದ್ದು ಏನೂ ಇಲ್ಲ."

ಅವರು ಫಿಲಂ ಎತ್ತಿ ನೋಡಿದರು. ನಂಬಲಿಲ್ಲ. "ನೀವು ಅವನ ಪರ ಮಾತಾಡುದು" ಎಂದರು.

"ಇವರು ಹೇಳೋದು ನಿಜ ಅಮ್ಮ" ಎಂದೆ. "ನಿಮಗೆ ಸುಳ್ಳು ಹೇಳಿದ್ದು ನಾನು. ಅವತ್ತು ನೀವು ಫೋನ್ ಮಾಡಿದಾಗಲೇ ಹಾಳಾಗಿತ್ತು. ಹೇಳೋಕೆ ಮುಖ ಇರ್ಲಿಲ್ಲ."

ಅವರು ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. ಬಹುಶಃ ಇವರ ಮುಖದಲ್ಲಿದ್ದದ್ದೇ ಅವರಿಗೆ ಸಾಕ್ಷಿಯಾಯಿತೋ ಏನೋ. ಕುರ್ಚಿಯ ಬೆನ್ನಿಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಆಮೇಲೆ ಬೈಯಲು ಶುರು ಮಾಡಿದರು. ಏನು ಬೈಗಳು! ಅರ್ಧ ಕನ್ನಡ, ಅರ್ಧ ತುಳು. "ಅಷ್ಟು ಕಲಿತವರು ನೀವು. ಬಾರದ ಕೆಲಸ ಬಾರದು ಅಂತ ಹೇಳ್ಲಿಕ್ಕೆ ಎಂತ ಬೇನೆ? ಇದಕ್ಕೆ ನಾನು ದೇವರ ಹೆಸರಲ್ಲಿ ಸುಳ್ಳು ಹೇಳಿ ಇಷ್ಟು ದೂರ ಬರ್ಬೇಕಾಯ್ತಾ? ರೈಲಿನಲ್ಲಿ ಎಂತೆಂಥದ್ದು ಯೋಚನೆ ಮಾಡಿದೆ ಗೊತ್ತುಂಟಾ ನಿಮ್ಗೆ?" ಇವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಈ ಸಲ ನಾನು ಅಡುಗೆಮನೆಗೆ ಹೋಗಲಿಲ್ಲ, ಪಕ್ಕದಲ್ಲೇ ನಿಂತೆ. ನನ್ನ ಪಾಲಿನದೂ ಅದರಲ್ಲಿತ್ತು.

ಬೈದು ಮುಗಿದ ಮೇಲೆ ಆರಿದ ಕಾಫಿಯನ್ನೇ ಕುಡಿದರು. "ಬಂದದ್ದು ಬಂದೆ. ಅವಳನ್ನು ನೋಡದೆ ಹೋಗುದಿಲ್ಲ" ಎಂದರು.

ಮಧ್ಯಾಹ್ನದ ರೈಲಿಗೆ ಹೊರಟೆವು. ಹುಡುಗಿಗೆ ಮೊದಲೇ ಹೇಳಬೇಡಿ ಎಂದರು ತಾಯಿ. ಹೇಗಿದ್ದಾಳೋ ಹಾಗೇ ನೋಡಬೇಕಂತೆ. ಬಾಗಿಲು ತೆರೆದವನು ಹುಡುಗ. ಬನಿಯನ್ನು, ಮಡಿಸಿಕಟ್ಟಿದ ಲುಂಗಿ, ಕೈಗೆಲ್ಲ ಈರುಳ್ಳಿ ವಾಸನೆ. ಯಾರೆಂದು ತಿಳಿಯದೆ ನಮ್ಮ ಮುಖ ನೋಡಿದ. ಒಳಗಿನಿಂದ ಹುಡುಗಿ, "ಯಾರು? ಒಲೆ ಸಣ್ಣ ಮಾಡಿದ್ರಾ?" ಎಂದು ರೇಗುತ್ತ ಬಂದಳು. ಬಂದವಳು ಹೊಸ್ತಿಲವರೆಗೂ ಬಾರದೆ ನಡುಮನೆಯಲ್ಲೇ ನಿಂತುಬಿಟ್ಟಳು. ತಾಯಿ ಹೋಗಿ ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ ನೋಡಿದರು. ಎಡಕ್ಕೆ, ಬಲಕ್ಕೆ. "ದಪ್ಪ ಆಗಿದ್ದಿ" ಎಂದರು. ಹುಡುಗ ಗಾಬರಿಯಲ್ಲಿ ಈರುಳ್ಳಿಯ ಕೈಯಲ್ಲೇ ಅತ್ತೆಯ ಕಾಲು ಮುಟ್ಟಿದ.

ನಾವು ಕೂರಲಿಲ್ಲ. ರೈಲಿಗೆ ಹೊತ್ತಾಯಿತೆಂದು ಹೊರಟೆವು. ಬಸ್ ಸ್ಟಾಪಿನವರೆಗೆ ನಡೆಯುವಾಗ ನನಗೆ ಮನಸ್ಸು ಹಗುರಾಗಿತ್ತು. "ನೋಡಿ..." ಎಂದು ಶುರು ಮಾಡಿದೆ.

ಇವರು ನಿಂತರು. "ಒಳ್ಳೇದಕ್ಕೇ ಆಯ್ತು ಅಂತ ಮಾತ್ರ ಹೇಳ್ಬೇಡ ಕಣೇ. ಆಕೆ ಹೆದರಿಕೊಂಡು ಬಂದ್ರು. ರೈಲಲ್ಲಿ ರಾತ್ರಿಯೆಲ್ಲ ಹೆದರಿಕೊಂಡು ಕೂತು ಬಂದಿದಾರೆ."

ನಾನು ಹೇಳಲು ಹೊರಟದ್ದು ಅದನ್ನೇ. ನುಂಗಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದನ್ನು ಹೇಳಿದೆ. "ಅವತ್ತು ಆ ಹುಡುಗಿ ಎದುರಿಗೆ ನಾನು ಹಂಗನ್ಬಾರ್ದಿತ್ತು."

"ನಿಜಾನೇ ಅಲ್ವಾ ನೀನಂದಿದ್ದು" ಎಂದರು. ಕೋಪದಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಾಯಿ ಮಗಳ ಮನೆಯಲ್ಲಿ ಕೆಲವು ದಿನ ಇದ್ದು ಹೋದರು. ಪುತ್ತೂರಿನಲ್ಲಿ ಗಂಡನಿಗೆ ಹೇಗೋ ತಿಳಿಯಿತು, ಒಂದಿಷ್ಟು ರಂಪವೂ ಆಯಿತಂತೆ. ನಿಧಾನಕ್ಕೆ ತಣ್ಣಗಾಯಿತು. ಇವರು ಕ್ಯಾಮರಾ ಬಿಡಲಿಲ್ಲ. ಆದರೆ ಮನುಷ್ಯರನ್ನು ತೆಗೆಯುವುದು ನಿಲ್ಲಿಸಿದರು. ದೋಣಿ, ಗೋಡೆ, ನೀರಿನ ಮೇಲೆ ಬಿದ್ದ ಎಲೆ. ಯಾರಾದರೂ ನಮ್ಮದೊಂದು ತೆಗೀರಿ ಎಂದರೆ, ಫಿಲಂ ಮುಗಿದಿದೆ ಎನ್ನುತ್ತಿದ್ದರು. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲೂ ಹಾಗೇ ಅಂದರು.

ಹುಡುಗಿಗೆ ಮಗುವಾಯಿತು. ನಾಮಕರಣದ ಊಟಕ್ಕೆ ತಿರುವನಂತಪುರಕ್ಕೆ ಕರೆದರು. ಎರಡೂ ಕಡೆಯ ನೆಂಟರು ಅಷ್ಟಿಷ್ಟು ಬಂದಿದ್ದರು, ಆಫೀಸಿನ ಗೆಳೆಯರು ತುಂಬ. ಯಾರೋ, "ನಿಮ್ಮ ಮದುವೆ ಫೋಟೋ ಗೋಡೆ ಮೇಲೆ ಒಂದೂ ಇಲ್ವಲ್ಲ?" ಎಂದು ಕೇಳಿದರು. ಹುಡುಗಿ ಮಗುವನ್ನು ತೊಡೆಯ ಮೇಲೆ ಕುಣಿಸುತ್ತ ಕತೆ ಹೇಳಲು ಕೂತಳು. ಚೆನ್ನಾಗಿ ಹೇಳುತ್ತಾಳೆ ಅವಳು. ಬಚ್ಚಲು, ಬಿಯರ್ ಬಾಟಲಿ, ಲಕೋಟೆ, ಕಿಟಕಿಗೆ ಹಿಡಿದದ್ದು. "ಏನೂ ಇಲ್ಲಮ್ಮ" ಎಂದು ಇವರ ದನಿಯಲ್ಲೇ ಹೇಳಿ ತೋರಿಸಿದಳು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕರು. ನಗುತ್ತಿದ್ದ ಹಾಗೆಯೇ ಕಿವಿಗಳೆರಡೂ ಕೆಂಪಾಗುತ್ತ ಹೋದವು. ಅವಳಲ್ಲಿ ಕೆಡುಕಿರಲಿಲ್ಲ, ನನಗೆ ಗೊತ್ತು. ಕೋಪವಿಲ್ಲ ಎಂದು ತೋರಿಸಲೆಂದೇ ಹೇಳುತ್ತಿದ್ದಳು. ಆದರೂ ನನಗೆ ಅಲ್ಲಿ ಕಣ್ಣೆತ್ತಲಾಗಲಿಲ್ಲ. ಇವರ ಪಕ್ಕಕ್ಕೆ ಹೋಗಿ ಕೂತೆ.

ಪಾಯಸದ ಪಾತ್ರೆ ಹಿಡಿದು ಬರುತ್ತಿದ್ದ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಸ್ವಲ್ಪ ಕೇಳಿದರು. ಇವರ ಕಡೆಗೊಮ್ಮೆ ನೋಡಿದರು. ಪಾತ್ರೆಯನ್ನು ಕೆಳಗಿಟ್ಟು, "ಸಾಕು ಅದು. ಮಗುವಿಗೆ ಸೆಖೆ ಆಗ್ತಾ ಉಂಟು, ಒಳಗೆ ಕರ್ಕೊಂಡು ಹೋಗು" ಎಂದು ಮಗಳನ್ನು ಎಬ್ಬಿಸಿದರು. ಆಮೇಲೆ ಸೌಟಿನಲ್ಲಿ ಮೊದಲ ಪಾಯಸವನ್ನು ಇವರ ಎಲೆಗೆ ಬಡಿಸಿ, ಮುಂದಿನ ಎಲೆಗೆ ಹೋದರು.